ತೃಪ್ತಿ ಕಡ್ಡಾಯ

ಬಹಳ ಹಿಂದೆ, ವಿದೇಶದ ಅಧ್ಯಯನ ಪ್ರವಾಸಕ್ಕೆ ಯಾರೂ ಲೆಕ್ಕ ಕೇಳದಿದ್ದ ಕಾಲದಲ್ಲಿ, ಸುಭಿಕ್ಷಪುರಿ ಎಂಬ ರಾಜ್ಯವಿತ್ತು. ಅದರ ದೊರೆ ದಿಗಂತಸೇನ ಮಹಾರಾಜರು ಪರದೇಶದ ಜನಸಾಮಾನ್ಯರ ಖರ್ಚುವೆಚ್ಚ ಅರಿಯಲೆಂದು ಅಲ್ಲಿನ ಅತಿ ದುಬಾರಿ ಹೋಟೆಲಿನಲ್ಲಿ ಇಳಿದುಕೊಂಡರು.

ಊಟ ಮುಗಿಯಿತು. ಬಿಲ್ಲಿನ ಹಣ ಸಂದ ಮೇಲೂ ಮಾಣಿ ಮುಗುಳ್ನಗುತ್ತ ನಿಂತೇ ಇದ್ದ. ಆಶೀರ್ವಾದಕ್ಕೆ ಕಾದಿದ್ದಾನೆಂದು ತಿಳಿದ ಪ್ರಭುಗಳು ಅವನ ತಲೆಯ ಮೇಲೆ ಕೈಯಿಟ್ಟು ದೀರ್ಘಾಯುಷ್ಯ ಹರಸಿದರು. ಆತ ಕದಲಲಿಲ್ಲ. ಸಂತಾನಭಾಗ್ಯವನ್ನೂ ಹರಸಿದರು. ಆಗ ದುಭಾಷಿ ಮೆಲ್ಲಗೆ ತಿಳಿಸಿದ: ಇಲ್ಲಿ ಹೋಟೆಲಿನ ಯಜಮಾನ ಪೂರ್ತಿ ಸಂಬಳ ಕೊಡುವುದಿಲ್ಲ, ಉಳಿದದ್ದನ್ನು ಉಂಡವರು ಟಿಪ್ಸ್ ಎಂದು ಕೊಡುವುದು ರೂಢಿ.

ಸೋಂಪು ಅಗಿಯುತ್ತಿದ್ದ ಹಣಕಾಸು ಮಂತ್ರಿ ಧನಗುಪ್ತನ ಬಾಯಿ ನಿಂತಿತು. "ಪ್ರಭು, ಕೆಲಸ ಯಜಮಾನನದು, ಸಂಬಳ ಗಿರಾಕಿಯದು. ಇಂಥ ನಾಗರಿಕತೆ ನಮಗೇಕೆ ಹೊಳೆಯಲಿಲ್ಲ?"

"ನಮಗೆ ಹೊಳೆದಿತ್ತು. ನೀವು ಬಾಯಿಬಿಟ್ಟು ಹೇಳಿದಿರಿ, ಅಷ್ಟೇ."

ರಾಜಧಾನಿಗೆ ಮರಳಿದ್ದೇ ತಡ, ಆಜ್ಞೆ ಹೊರಬಿತ್ತು. ನೌಕರರ ಸಂಬಳ ರದ್ದು, ಸೇವೆ ಪಡೆದವರು ತೃಪ್ತಿಪಟ್ಟು ಕಾಣಿಕೆ ಕೊಡತಕ್ಕದ್ದು, ತೃಪ್ತಿ ಕಡ್ಡಾಯ. ಮೇಜಿನ ಕೆಳಗಿನ ವ್ಯವಹಾರ ಮೇಲೆ ಬಂದದ್ದನ್ನು ಆಸ್ಥಾನ ಪಂಡಿತರು ಪಾರದರ್ಶಕತೆ ಎಂದು ಕೊಂಡಾಡಿದರು. ನೌಕರರಿಗೆ ನಗುವ ಕಾರ್ಯಾಗಾರವೂ ನಡೆಯಿತು, ಊಟ ಸಹಿತ.

ಕೋಟೆ ಬಾಗಿಲಲ್ಲಿ ಖಾನಾವಳಿ ನಡೆಸುತ್ತಿದ್ದ ಸಂಕವ್ವ ಪರವಾನಗಿ ನವೀಕರಿಸಲು ಕಚೇರಿಗೆ ಹೋದಳು. ಅಂದು ಮುದ್ರೆ ಬೀಳದಿದ್ದರೆ ಸಂಜೆಗೆ ಅವಳ ಒಲೆ ಆರುತ್ತಿತ್ತು. ಬಾಗಿಲು ತೆರೆದವ ನಕ್ಕ, ಕೊಟ್ಟಳು. ಕುರ್ಚಿ ತೋರಿಸಿದವ ನಕ್ಕ, ಕೊಟ್ಟಳು. ಮುದ್ರೆ ಹಿಡಿದ ಗುಮಾಸ್ತ ಹಲ್ಲೆಲ್ಲ ತೋರಿಸಿದ.

"ಸಾಹೇಬ್ರ, ನೀವು ನಗೂದು ಬ್ಯಾಡ್ರಿ. ಸಿಟ್ಟಿಲೇ ಒತ್ತಿ ಕೊಡ್ರಿ, ನಡೀತೈತಿ."

"ಸಿಟ್ಟಿಗೆ ರೇಟು ಬ್ಯಾರೆ ಐತವ್ವ. ನಕ್ಕರ ಸಸ್ತಾ."

"ನಮ್ಮ ಖಾನಾವಳ್ಯಾಗ ಇನ್ನೊಂದು ರೊಟ್ಟಿ ನೀಡಿದ್ರ ನಾ ಏನೂ ಕೇಳಂಗಿಲ್ರಿ."

"ಅದಕ್ಕ ನೀ ಮುಂದ ಬಂದಿಲ್ಲ."

ನಾಳೆಯ ಜೋಳಕ್ಕೆಂದು ಇಟ್ಟಿದ್ದ ದುಡ್ಡು ಮೇಜಿನ ಮೇಲೆ ಬಿತ್ತು. ಆಮೇಲೆ ಮುದ್ರೆ ಬಿತ್ತು. ಹಾಳಾದವರು, ರಶೀದಿಯನ್ನೂ ಕೊಟ್ಟರು.

ವರ್ಷದ ಕೊನೆಗೆ ಧನಗುಪ್ತ ವರದಿ ಒಪ್ಪಿಸಿದ. ಕಾಣಿಕೆ ಕೊಡದವರು ಒಬ್ಬರೂ ಇಲ್ಲವಾದ್ದರಿಂದ ರಾಜ್ಯದಲ್ಲಿ ಅತೃಪ್ತರೂ ಇಲ್ಲ. "ಒಂದೇ ಕೊರತೆ, ಪ್ರಭು. ತಾವು ಹಗಲಿರುಳು ಆಳುತ್ತಿದ್ದೀರಿ. ಪ್ರಜೆಗಳು ಆಳಿಸಿಕೊಂಡು, ಏನೂ ಕೊಡದೆ ಎದ್ದು ಹೋಗುತ್ತಿದ್ದಾರೆ."

ಮಹಾರಾಜರಿಗೆ ದುಃಖವಾಯಿತು. ಸಿಂಹಾಸನದ ಮುಂದೆ ಚಿನ್ನದ ತಟ್ಟೆ ಬಂತು, ತಟ್ಟೆಯ ಮುಂದೆ ಪ್ರಜೆಗಳ ಸಾಲು ಬಂತು. ಸಂಕವ್ವನ ಸರದಿ ಬಂದಾಗ ಅವಳ ಬಳಿ ಉಳಿದಿದ್ದು ಕಿವಿಯ ಬೆಂಡೋಲೆಗಳು ಮಾತ್ರ. ಒಂದನ್ನು ಬಿಚ್ಚಿ ತಟ್ಟೆಗೆ ಹಾಕಿದಳು. ಪ್ರಭುಗಳು ಪ್ರಸನ್ನರಾದರು, ಭಟ್ಟಂಗಿಗಳು ಜಯಘೋಷ ಮಾಡಿದರು.

ಹೋಗಲೆಂದು ತಿರುಗಿದರೆ, ತಟ್ಟೆ ಹಿಡಿದಿದ್ದ ಸೇವಕ ದಾರಿಗೆ ಅಡ್ಡವಾಗಿ ನಗುತ್ತ ನಿಂತಿದ್ದ. ಸಂಕವ್ವ ಇನ್ನೊಂದು ಕಿವಿಗೆ ಕೈ ಹಾಕಿದಳು.