ಗಾಜಿಗೆ ಗಾಜೇ ಕಾವಲು

ನನ್ನ ಅಂಗಡಿಯ ಮೆಟ್ಟಿಲು ಹತ್ತುವ ಗಿರಾಕಿಯನ್ನು ಮೂರನೆಯ ಮೆಟ್ಟಿಲಿನೊಳಗೆ ತೂಗಿ ಮುಗಿಸುತ್ತೇನೆ. ಕ್ಯಾಮೆರಾ ಮಾರುವವನಿಗೆ ಕಣ್ಣೇ ತಕ್ಕಡಿ. ಅಂದು ಬಂದವರನ್ನೂ ತೂಗಿದೆ. ವಯಸ್ಸು ಅರವತ್ತೆರಡು, ಎರಡು ಸಲ ಹೊಲಿಸಿದ ಗಟ್ಟಿ ಚಪ್ಪಲಿ, ಕೈಚೀಲದೊಳಗೆ ಇನ್ನೊಂದು ಕೈಚೀಲ, ಅದರೊಳಗೆ ಪರ್ಸು. ಚೌಕಾಸಿಯ ಪೈಕಿ ಅಲ್ಲ, ಪ್ರಶ್ನೆ ಕೇಳುವ ಪೈಕಿ. ಸರಕು ಒಳ್ಳೆಯದೇ. ದೋಷ ಒಂದೇ: ಆಕೆ ನನ್ನ ಹೆಂಡತಿಯ ತಾಯಿ. (ಅತ್ತೆಗೆ ಮಾರುವುದು ಸುಲಭ. ಮಾರಿದ ಮೇಲೆ ಬದುಕುವುದು ಕಷ್ಟ.)

ಅತ್ತೆ ಮೂವತ್ತೊಂದು ವರ್ಷ ಅಂಚೆ ಕಚೇರಿಯ ಪಾರ್ಸಲ್ ಕೌಂಟರಿನಲ್ಲಿ ಕೂತವರು. "ಒಳಗೇನಿದೆ? ಒಡೆಯುತ್ತಾ? ಮತ್ತೆ ಒಂದೇ ಸುತ್ತು ಕಾಗದ ಯಾಕೆ?" ಎಂದು ಕೇಳಿ ಅರ್ಧ ಊರನ್ನು ಮನೆಗೆ ವಾಪಸು ಕಳಿಸಿದ ಕೀರ್ತಿ ಅವರದು. ಮನೆಯವರ ಫೋಟೋ ತೆಗೆಯಲು ಕ್ಯಾಮೆರಾ ಬೇಕೆಂದರು. ಚಿಕ್ಕ ಮನೆಗೆ ಅಗಲ ಹಿಡಿಸುವ ಲೆನ್ಸೇ ಸರಿ ಎಂದೆ, ಒಪ್ಪಿದರು. ಆಮೇಲೆ ಎಲ್ಲ ಗಿರಾಕಿಗಳಿಗೂ ಓದುವ ಮಂತ್ರವನ್ನು ಅವರಿಗೂ ಓದಿದೆ.

"ಲೆನ್ಸಿಗೊಂದು ಫಿಲ್ಟರ್ ಹಾಕಿಸಿ ಅತ್ತೆ. ಗೀರು ಬಿದ್ರೆ ಆ ಗಾಜಿಗೆ ಬೀಳುತ್ತೆ, ಲೆನ್ಸು ಬಚಾವು."

"ಆ ಗಾಜಿಗೆ ಗೀರು ಬಿದ್ರೆ?"

ಇಲ್ಲಿ ನಾನು ನಕ್ಕು ಸುಮ್ಮನಾಗಬೇಕಿತ್ತು. ಆದರೆ ವ್ಯಾಪಾರಿಯ ನಾಲಿಗೆ ಯಜಮಾನನ ಅಪ್ಪಣೆ ಕಾಯುವುದಿಲ್ಲ. "ಅದರ ಮೇಲೂ ಒಂದು ಹಾಕಬಹುದು" ಎಂದುಬಿಟ್ಟಿತು.

ಅತ್ತೆಯ ಮುಖ ಅರಳಿತು. ಇಷ್ಟು ವರ್ಷದಲ್ಲಿ ತಮ್ಮ ಭಾಷೆ ಮಾತಾಡುವ ಮನುಷ್ಯ ಮೊದಲ ಸಲ ಸಿಕ್ಕಿದ್ದ. ಅಂದೇ ಎರಡು ಹಾಕಿಸಿಕೊಂಡರು, ಮುಂದಿನ ವಾರ ಮೂರನೆಯದಕ್ಕೆ ಬಂದರು. ತಿಂಗಳು ಕಳೆಯುವುದರೊಳಗೆ ಲೆನ್ಸಿನ ಮುಂದೆ ಆರು ಫಿಲ್ಟರುಗಳು ಒಂದರ ಬೆನ್ನಿಗೊಂದು ನಿಂತು, ಕ್ಯಾಮೆರಾ ಅನ್ನುವುದು ಫಿರಂಗಿಯ ಮರಿಯಂತೆ ಕಾಣತೊಡಗಿತು.

ಮನೆಯಲ್ಲಿ ವಿಚಾರಣೆ ಶುರುವಾಯಿತು.

"ರೀ, ಅಮ್ಮ ತೆಗೆದ ಫೋಟೋ ನೋಡಿದ್ರಾ? ಬಾವಿಯೊಳಗೆ ಬಿದ್ದೋರು ಮೇಲೆ ನೋಡಿ ತೆಗೆದ ಹಾಗಿದೆ. ನಾಲ್ಕು ಮೂಲೆನೂ ಕಪ್ಪು!"

"ಅದೊಂದು ಕಲೆ ಕಣೇ." (ಆರು ಫಿಲ್ಟರಿನ ಚೌಕಟ್ಟು ಸಾಲಾಗಿ ನಿಂತರೆ ಅಗಲ ಲೆನ್ಸಿನ ಅಂಚಿಗೆ ಅಡ್ಡ ಬರುತ್ತವೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ.)

"ಕಲೆಯಂತೆ, ತಲೆ! ಭಾನುವಾರ ನಾವು ನಾಲ್ಕೂ ಜನ ಮಕ್ಕಳು ಸೇರ್ತಿದೀವಿ, ಒಂಬತ್ತು ವರ್ಷದ ಮೇಲೆ. ಅಮ್ಮ ಕ್ಯಾಮೆರಾ ತಗೊಂಡಿದ್ದೇ ಆ ಒಂದು ಫೋಟೋಗೆ. ಅದು ಕೆಟ್ಟರೆ ನಿಮ್ಮನ್ನ ಬಿಡಲ್ಲ. ಹೋಗಿ, ಸುಮ್ನೆ ಬಾಯಿಗೆ ಬಂದಿದ್ದು ಹೇಳ್ದೆ ಅಂತ ಒಪ್ಕೊಳ್ಳಿ."

"ಮೊಬೈಲಲ್ಲಿ ತೆಗೆದರಾಯ್ತು."

"ಮೊಬೈಲ್ ಫೋಟೋ ಪೋಸ್ಟ್ ಕಾರ್ಡ್ ಇದ್ದ ಹಾಗೆ, ದಾರೀಲಿ ಹೋಗೋರೆಲ್ಲ ಓದ್ತಾರೆ ಅಂತಾಳೆ ಅಮ್ಮ. ಮುಟ್ಟೋಕೂ ಬಿಡಲ್ಲ."

ಒಪ್ಪಿಕೊಳ್ಳುವುದೇ! ಹದಿನೆಂಟು ವರ್ಷದಲ್ಲಿ ಅತ್ತೆ ನನ್ನ ಮಾತನ್ನು ನಂಬಿದ್ದು ಇದೊಂದು ವಿಷಯದಲ್ಲಿ. ಸದ್ದಿಲ್ಲದೆ ಐದನ್ನು ಬಿಚ್ಚಿ ಜೇಬಿಗಿಳಿಸುವುದೇ ರಾಜನೀತಿ ಎಂದು ತೀರ್ಮಾನಿಸಿದೆ.

ಭಾನುವಾರ ಅತ್ತೆಯ ಮನೆ ತುಂಬಿತ್ತು. ಕ್ಯಾಮೆರಾ ಎತ್ತಿಕೊಂಡು ಅಡುಗೆಮನೆಗೆ ನುಸುಳಿ ಮೊದಲ ಫಿಲ್ಟರನ್ನು ತಿರುಗಿಸಿದೆ. ಅಲ್ಲಾಡಲಿಲ್ಲ. ಒದ್ದೆ ಬಟ್ಟೆ ಸುತ್ತಿ, ಹಲ್ಲು ಕಚ್ಚಿ ತಿರುಗಿಸಿದೆ. ನನ್ನ ಕುತ್ತಿಗೆ ತಿರುಗಿತು, ಫಿಲ್ಟರ್ ತಿರುಗಲಿಲ್ಲ. ಬೆಳಕಿಗೆ ಹಿಡಿದು ನೋಡಿದರೆ, ಒಂದೊಂದು ಸಂದಿಗೂ ಕೆಂಪು ಅರಗು! ಅದರ ಮೇಲೆ ಕೋಟಿನ ಗುಂಡಿಯ ಅಚ್ಚು!

"ಧೂಳು ನುಗ್ಗಬಾರದಲ್ಲ, ಅದಕ್ಕೆ ಸೀಲ್ ಮಾಡ್ದೆ" ಎಂದಿತು ಬೆನ್ನ ಹಿಂದಿನ ದನಿ. "ಸರ್ಕಾರಿ ಮುದ್ರೆ ವಾಪಸ್ ಕೊಟ್ಬಿಟ್ಟೆ ನೋಡಿ, ಗುಂಡೀಲೇ ಒತ್ತಿದೀನಿ. ನೀವೇನ್ ಮಾಡ್ತಿದೀರಿ ಅಳಿಯಂದಿರೇ?"

ಬಾಗಿಲಲ್ಲಿ ಹೆಂಡತಿಯೂ ನಿಂತಿದ್ದಳು. ಅವಳ ಹುಬ್ಬು "ಹೇಳಿ" ಎಂದಿತು. ಧೈರ್ಯ ಒಟ್ಟುಗೂಡಿಸಿದೆ. "ಅತ್ತೆ, ನಿಜ ಹೇಳಬೇಕು ಅಂದ್ರೆ, ಈ ಫಿಲ್ಟರುಗಳು ಅಷ್ಟೊಂದು..."

ಒದ್ದೆ ಬಟ್ಟೆ, ಬೆವೆತ ಕೈ. ಕ್ಯಾಮೆರಾ ಜಾರಿ ಬೋರಲು ಬಿತ್ತು. ಗಾಜು ಚೂರಾದ ಸದ್ದಿಗೆ ಮನೆಯೆಲ್ಲ ಓಡಿಬಂತು.

ಅತ್ತೆ ಅದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಚೂರು ಉದುರಿಸಿದರು, ಬೆರಳಿನಿಂದ ಎಣಿಸಿದರು. ವೈದ್ಯರ ಮಾತಿಗೆ ಕಾದವರಂತೆ ಎಲ್ಲರೂ ಸುತ್ತ ನೆರೆದರು.

"ಮೊದಲನೇದು ಹೋಗಿದೆ. ಎರಡನೇದೂ ಹೋಗಿದೆ. ಮೂರನೇದರಿಂದ ಒಳಕ್ಕೆ ಸರಕು ಕ್ಷೇಮ." ನನ್ನತ್ತ ತಿರುಗಿದರು. ಕಣ್ಣಲ್ಲಿ ನೀರು. "ನಿಮ್ಮ ಮಾತು ಕೇಳಿ ಆರು ಹಾಕಿಸಿದ್ದಕ್ಕೆ ಉಳೀತು. ಅದೇನೋ ಹೇಳ್ತಿದ್ರಲ್ಲ?"

"ಏನಿಲ್ಲ ಅತ್ತೆ."

"ಭಾವ, ನಮ್ಮ ಟಿ.ವಿ.ಗೂ ಇಂಥದ್ದು ಸಿಗುತ್ತಾ?" ಎಂದ ಕಿರಿ ಭಾವಮೈದ. ಹೆಂಡತಿ ಗೋಡೆಗೆ ಹಣೆ ಆನಿಸಿದಳು.

ಫೋಟೋಗೆ ಎಲ್ಲರೂ ಸಾಲಾಗಿ ನಿಂತರು. ಈ ತುದಿಗೆ ಹಿರಿಯ ಮಗ, ಆ ತುದಿಗೆ ಕಿರಿಯವನು. ಒಂದು ಏಣಿಯ ಜಗಳದಿಂದ ಅವರಿಬ್ಬರಿಗೂ ಎರಡು ವರ್ಷದಿಂದ ಮಾತಿಲ್ಲ. ಕ್ಯಾಮೆರಾದಲ್ಲಿ ಇಣುಕಿದೆ. ಕಪ್ಪಿನ ನಡುವೆ ಜರಡಿಯಗಲದ ಬೆಳಕು. ತುದಿಯವರಿಬ್ಬರೂ ಮಾಯ.

"ಹಿಡಿಸ್ತಿಲ್ಲ ಅತ್ತೆ, ಹಿಂದೆ ಸರಿಯೋಕೆ ಗೋಡೆ ಅಡ್ಡ."

"ಡಬ್ಬಿ ಚಿಕ್ಕದಾದ್ರೆ ಸಾಮಾನು ಒತ್ತಿ ಜೋಡಿಸ್ಬೇಕು" ಎಂದ ಅತ್ತೆ ಕೆಲಸಕ್ಕಿಳಿದರು. ಒಬ್ಬರನ್ನು ಕೂರಿಸಿ, ಒಬ್ಬರನ್ನು ಬಗ್ಗಿಸಿ, ಗಂಡುಮಕ್ಕಳಿಬ್ಬರ ಕುತ್ತಿಗೆ ಹಿಡಿದು ಕೆನ್ನೆಗೆ ಕೆನ್ನೆ ಒತ್ತಿಟ್ಟರು. ಅವರ ಗದ್ದದ ಕೆಳಗಿನ ಸಂದಿಗೆ ತಾವೇ ತೂರಿಕೊಂಡರು. ನಾನು ಟೈಮರ್ ಒತ್ತಿ ಓಡಿಹೋಗಿ ಹೆಂಡತಿಯ ಪಕ್ಕ ನಿಂತೆ.

"ನಿನ್ನ ಮೂಗು ಆಚೆ ತೆಗಿಯೋ" ಎಂದ ಹಿರಿಯ.

"ನನ್ನ ಏಣಿ ಕೊಡು, ತೆಗೀತೀನಿ."

ಒಬ್ಬರು ಕಿಸಕ್ಕೆಂದರು, ಆಮೇಲೆ ಇಡೀ ಮೂಟೆಯೇ ಕುಲುಕಿ ನಕ್ಕಿತು. ಅಣ್ಣ ತಮ್ಮನ ಕೊರಳಿಗೆ ಕೈ ಹಾಕಿ ಬಿದ್ದುಬಿದ್ದು ನಗುವಾಗ ಕ್ಯಾಮೆರಾ ಕ್ಲಿಕ್ಕೆಂದಿತು.

ಆ ಫೋಟೋ ಈಗ ಅತ್ತೆಯ ಗೋಡೆಯ ಮೇಲಿದೆ, ಎರಡು ಗಾಜಿನ ಹಿಂದೆ. ನಡುವೆ ತಾಯಿ, ಸುತ್ತ ನಾಲ್ಕು ಮಕ್ಕಳು, ದುಂಡನೆಯ ನಗು. ನಾನು ಕಪ್ಪಿನ ಪಾಲು. ಹೆಂಡತಿಯ ಭುಜದ ಮೇಲೆ ಮೂರು ಬೆರಳು ಮಾತ್ರ ಉಳಿದಿವೆ. ಬಂದವರು "ಇದ್ಯಾರ ಕೈ?" ಎಂದು ಬೆಚ್ಚಿದರೆ ಅತ್ತೆ ಹೆಮ್ಮೆಯಿಂದ ಹೇಳುತ್ತಾರೆ: "ನಮ್ಮ ಅಳಿಯಂದಿರದು. ಅವರ ಮಾತು ಕೇಳದಿದ್ರೆ ಈ ಫೋಟೋನೇ ಇರ್ತಿರಲಿಲ್ಲ."

ಅತ್ತೆಗೆ ನಾನು ಒಂದು ನಿಜ ಹೇಳುವುದು ಇನ್ನೂ ಬಾಕಿ ಇದೆ.