ಅತ್ತೆಯ ಮೂಗು, ಕಂದನ ಹಾಸಿಗೆ

ನಮ್ಮ ಸೋದರತ್ತೆಯ ಅಪ್ಪಣೆಯಿಲ್ಲದೆ ಊಟಿ ಹತ್ತಿರದ ನಡುವಟ್ಟಂನ ನಮ್ಮ ಮನೆಯೊಳಗೆ ಒಂದು ಪ್ಲಾಸ್ಟಿಕ್ ಬಕೆಟ್ಟೂ ಕಾಲಿಡುವಂತಿಲ್ಲ! ಬಕೆಟ್ಟಿಗೆ ಕಾಲೆಲ್ಲಿದೆ ಎನ್ನಬೇಡಿ. ಅತ್ತೆಯ ಪಾಲಿಗೆ ಅದೊಂದು ಆರೋಪಿ. ನಿರಪರಾಧಿಯೆಂದು ರುಜುವಾಗುವ ತನಕ ಜಗಲಿಯಲ್ಲೇ ಬಿದ್ದಿರಬೇಕು.

ತಪ್ಪು ಅವರದಲ್ಲ, ಅವರು ಮಾಡಿದ ನೌಕರಿಯದು. ಉಪಗ್ರಹದೊಳಗೆ ಸೇರುವ ಅಂಟು, ಟೇಪು, ತಂತಿಯ ಹೊದಿಕೆ ಎಲ್ಲವನ್ನೂ ಗಾಳಿಯಿಲ್ಲದ ಪೆಟ್ಟಿಗೆಯಲ್ಲಿಟ್ಟು ಕಾಯಿಸಿ, ಎಷ್ಟು ಆವಿ ಬಿಟ್ಟಿತು, ಎಷ್ಟು ತೂಕ ಇಳಿಯಿತು ಎಂದು ನೋಡುವುದೇ ನಿವೃತ್ತಿಯವರೆಗೂ ಅವರ ಕೆಲಸ. "ಆ ಆವಿ ಹೋಗಿ ಕ್ಯಾಮೆರಾ ಗಾಜಿನ ಮೇಲೆ ಕೂತ್ರೆ ಮೇಲೆ ಹತ್ತಿ ಒರೆಸೋರು ಯಾರೇ? ನಿಮ್ಮಪ್ಪನಾ?" ಎನ್ನುತ್ತಾರೆ. ನಮ್ಮಪ್ಪ, ಅಂದರೆ ಅವರ ತಮ್ಮ, ಏಣಿ ಹತ್ತುವುದಕ್ಕೂ ಹೆದರುವವರು.

ನನ್ನ ಮಗಳು ಹುಟ್ಟಿದಾಗಿನಿಂದ ಅವಳ ಉಸಿರಿನಲ್ಲಿ ಸೊಂಯ್ ಎಂಬ ಸದ್ದು. ಆ ಪುಟ್ಟ ಎದೆ ಏದುವುದನ್ನು ನೋಡುತ್ತ ನನಗೆ ಅನ್ನ ಸೇರುತ್ತಿರಲಿಲ್ಲ. "ಘಾಟು ವಾಸನೆ ಹತ್ತಿರ ಸುಳಿಯಬಾರದು" ಎಂದರು ಡಾಕ್ಟರು. ಅತ್ತೆಗೆ ಅಷ್ಟೇ ಸಾಕಾಯಿತು! ನನ್ನ ಪೌಡರು, ಯಜಮಾನರ ಬೂಟ್ ಪಾಲಿಶ್, ಊದುಬತ್ತಿ, ಎಲ್ಲ ಗಡೀಪಾರು. ದೇವರಿಗೂ ವಿನಾಯಿತಿ ಸಿಗಲಿಲ್ಲ.

ಊಟಿಯಿಂದ ತಂದ ಮಗುವಿನ ಹೊಸ ಫೋಮ್ ಹಾಸಿಗೆಯನ್ನು ಮೂಸಿ ಅತ್ತೆ ಮುಖ ಕಿವುಚಿದರು. ಬಿಸಿಲಿಗೆ ಹಾಕೋಣವೆಂದರೆ ವಾರವಿಡೀ ಮಂಜು. ಮರುದಿನ ಹಾಸಿಗೆ ನಾಪತ್ತೆ! ಯಜಮಾನರು ಕೆಲಸ ಮಾಡುವ ಟೀ ಫ್ಯಾಕ್ಟರಿಗೆ ಅತ್ತೆಯೇ ಅದನ್ನು ಹೊತ್ತುಕೊಂಡು ಹೋಗಿ, ಎಲೆ ಒಣಗಿಸುವ ಯಂತ್ರದ ಬಿಸಿಗಾಳಿಗೆ ನೇತುಹಾಕಿದ್ದರು. ಟೀಪುಡಿಯ ಗುಣ ಗೊತ್ತಲ್ಲ, ಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಸಂಜೆ ಯಜಮಾನರು ಬುಸುಗುಡುತ್ತ ಬಂದರು.

"ಏನತ್ತೆ ಇದು! ಇವತ್ತಿನ ಟೀ ಪೂರ್ತಿ ಹೊಸ ಚಪ್ಪಲಿ ವಾಸನೆ! ಮ್ಯಾನೇಜರ್ ನನ್ನ ತಿಂದೇಬಿಟ್ರು!"

"ಹಂಗಾದ್ರೆ ನಿನ್ನ ಟೀ ಎಳ್ಕೊಂಡಿದ್ದನ್ನ ಮಗು ಎಳ್ಕೋಬೇಕಿತ್ತೇನಪ್ಪಾ?"

ಯಜಮಾನರು ಕೈಕಾಲು ತೊಳೆಯಲು ಹೋದರು.

ದಿನಾ ಸಂಜೆ ಅತ್ತೆ "ವಾಕಿಂಗ್" ಎಂದು ಹೊರಡುತ್ತಾರೆ. ಮೊನ್ನೆ ಮಗುವನ್ನು ಮಲಗಿಸಿ ತಲೆಯೆತ್ತಿದರೆ, ಕಿಟಕಿಯಾಚೆ ಚಳಿಯಲ್ಲಿ ನಡುಗುತ್ತ ನಿಂತು ತೊಟ್ಟಿಲನ್ನೇ ನೋಡುತ್ತಿದ್ದಾರೆ! ಹೊರಗೆ ಓಡಿದೆ.

"ಒಳಗೆ ಬನ್ನಿ ಅತ್ತೆ, ಇದೇನು?"

"ಮಂಡಿನೋವು ತಡೀಲಾರದೆ ನೀಲಗಿರಿ ಎಣ್ಣೆ ಹಚ್ಕೋತೀನಿ ಕಣೇ. ಘಾಟು ಹೋಗೋವರ್ಗೂ ದಿನಾ ಇಲ್ಲೇ ನಿಲ್ತೀನಿ. ಮಗೂಗಾಗಲ್ಲ."

ಎಂಥ ಹೆಂಗಸು! ನಗಬೇಕೆಂದುಕೊಂಡೆ, ಅಳು ಬಂತು. ಶಾಲು ಹೊದಿಸಿ ತಬ್ಬಿಕೊಂಡೆ.

"ಮುಟ್ಟಬೇಡ್ವೇ, ನಿಂಗೂ ಅಂಟುತ್ತೆ!" ಎಂದು ತಳ್ಳಿದರು. ಆಮೇಲೆ ಮೆಲ್ಲಗೆ, "ಉಸಿರು ಹೆಂಗಿದೆ?"

"ಈಗ ತಾನೇ ಎದೆಗೆ ಕಿವಿಯಿಟ್ಟು ಕೇಳಿದೆ ಅತ್ತೆ. ಆ ಸೊಂಯ್ ಸದ್ದಿಲ್ಲ, ಹಾಯಾಗಿ ಉಸಿರಾಡ್ತಿದ್ದಾಳೆ."

ಅತ್ತೆ ತಳ್ಳುವುದನ್ನು ಬಿಟ್ಟರು. ನನ್ನ ಹೆಗಲಿಗೆ ಮುಖವಿಟ್ಟು, ಮಗು ಏಳದಂತೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು.