ಎಡಹೊಳ್ಳೆಯ ನಿವಾಸಿಗಳು ಜಾಗ ಖಾಲಿ ಮಾಡುವ ಕುರಿತು

ಇಂದ:
ಹೊನ್ನೂರಪ್ಪ, ಭತ್ತ ಕೊಯ್ಯುವ ಯಂತ್ರದ ಸಹಾಯಕ,
ಬೇವಿನಗಿಡ ಕ್ಯಾಂಪ್, ಗಂಗಾವತಿ ತಾಲೂಕು.

ಗೆ:
ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಅವರು,
ಕುಮಾರಿ ಅಮೃತಾಳ ಮೂಗಿನ ಎಡಹೊಳ್ಳೆ, ಆರನೇ ತರಗತಿ.

ವಿಷಯ: ತಾವು ಸದರಿ ಹೊಳ್ಳೆಯನ್ನು ತೆರವು ಮಾಡುವ ಬಗ್ಗೆ.

ಉಲ್ಲೇಖ: 1) ಡಾ. ಶಾಂಭವಿಯವರು ದಿನಾಂಕ 9-11-2018ರಂದು ಶಾಲಾಮಕ್ಕಳ ಮೂಗಿನಲ್ಲಿ ಹತ್ತಿಕಡ್ಡಿ ಆಡಿಸಿ ನಡೆಸಿದ ತಪಾಸಣೆ.
2) ಆಗ ಅಮೃತಾ ಸೀನಿದ ಮೂರು ಸೀನುಗಳು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು, ಅಂದರೆ ಸದರಿ ಮೂಗುಳ್ಳವಳ ತಂದೆಯು, ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ತಪಾಸಣೆಯ ವರದಿಯಲ್ಲಿ ಅಮೃತಾಳ ಹೆಸರಿನ ಮುಂದೆ ‘ಔಷಧ ನಿರೋಧಕ’ ಎಂದಿತ್ತು. ಹೆಡ್‌ಮಾಸ್ತರ ಪ್ರಭುರಾಜರು ಅದನ್ನು ರೋಗನಿರೋಧಕ ಶಕ್ತಿಯೆಂದೇ ತಿಳಿದು, ಸೋಮವಾರದ ಪ್ರಾರ್ಥನೆಯಲ್ಲಿ ಆಕೆಯನ್ನು ಮುಂದೆ ನಿಲ್ಲಿಸಿ, “ನೋಡ್ರಿ, ಈಕಿಗೆ ಗುಳಿಗಿನೂ ಬ್ಯಾಡಂತ. ಚಪ್ಪಾಳಿ ಹೊಡೀರಿ” ಎಂದರು. ಒಂದು ಪೆನ್ನನ್ನೂ ಕೊಟ್ಟರು.

2. ಗುರುವಾರ ಡಾಕ್ಟರು ಬಂದು, ಶಕ್ತಿಯಿರುವುದು ಹುಡುಗಿಗಲ್ಲ, ಆಕೆಯ ಮೂಗಿನಲ್ಲಿರುವ ತಮಗೆ ಎಂದು ತಿಳಿಸಿದರು. ಹುಡುಗಿ ಆರೋಗ್ಯವಾಗಿದ್ದಾಳೆ, ಎಲ್ಲರ ಜೊತೆ ಕೂಡಲಿ, ಎಲ್ಲರೂ ಕೈ ತೊಳೆದುಕೊಳ್ಳಲಿ ಎಂದೂ ಹೇಳಿದರು. ಈ ಎರಡನೆಯ ಮಾತು ಹೆಡ್‌ಮಾಸ್ತರರ ಕಿವಿಗೆ ಬೀಳದ ಕಾರಣ ಪೆನ್ನು ವಾಪಸಾಯಿತು, ಅಮೃತಾಳ ಊಟದ ತಟ್ಟೆ ಬಾಗಿಲ ಹೊರಗೆ ಹೋಯಿತು, ಖೋ-ಖೋ ತಂಡದಿಂದ ಹೆಸರೂ ಹೋಯಿತು. “ಅಪ್ಪಾ, ಮೂಗು ಅದ ಐತಿ, ನಾನೂ ಅಕೀನ ಅದೀನಿ. ಸೋಮವಾರ ಚಪ್ಪಾಳಿ, ಗುರುವಾರ ಬಾಗಲಾ ಯಾಕ?” ಎಂದು ಆಕೆಯ ಪ್ರಶ್ನೆ.

3. ಸದರಿ ಪ್ರಶ್ನೆಯನ್ನು ಅರ್ಜಿದಾರನು ಡಾಕ್ಟರರ ಬಳಿ ಒಯ್ದನು. ಅವರು ತಿರುಗಿ ಅವನನ್ನೇ ಕೇಳಿದರು.

“ಜ್ವರ ಬಂದಾಗ ಏನ್ ಕೊಡ್ತಿದ್ರಿ?”

“ಕೆಂಪು-ಕರಿ ಗುಳಿಗಿರಿ. ಎರಡು. ಜ್ವರ ಇಳಿದ ಮ್ಯಾಲ ಬಂದ್.”

“ಉಳಿದವು?”

“ಮುಂದಿನ ಜ್ವರಕ್ಕ ಇಡ್ತಿದ್ವಿರಿ.”

ಯಂತ್ರದ ಹಿಂದೆ ಊರೂರು ತಿರುಗುವ ಅರ್ಜಿದಾರನಿಗೆ, ಹೊರಡುವ ಅವಸರದಲ್ಲಿ, ದವಾಖಾನೆಗಿಂತ ಬಸ್‌ಸ್ಟ್ಯಾಂಡಿನ ಅಂಗಡಿಯೇ ಹತ್ತಿರವಾಗಿತ್ತು. ಹೀಗೆ ಐದು ವರ್ಷ ಅರ್ಧರ್ಧ ಔಷಧ ಕೊಟ್ಟು ತಮಗೆ ಪೂರ್ಣ ತರಬೇತಿ ನೀಡಿದವರಲ್ಲಿ ಅವನೂ ಒಬ್ಬನಾದ ಕಾರಣ, ಬಾಗಿಲ ಹೊರಗೆ ಕೂಡಬೇಕಾದವನು ಅವನು, ಅವಳಲ್ಲ.

4. ಮೊನ್ನೆ ಡಾಕ್ಟರು ಶಿಕ್ಷಕರ ಮೂಗುಗಳಲ್ಲಿಯೂ ಕಡ್ಡಿ ಆಡಿಸಿಕೊಂಡು ಹೋಗಿದ್ದಾರೆ. ಫಲಿತಾಂಶ ಶುಕ್ರವಾರ. ಮೊನ್ನೆಯಿಂದ ಹೆಡ್‌ಮಾಸ್ತರರು ಬಾಗಿಲ ಕಡೆ ನೋಡುತ್ತಲೇ ಊಟ ಮಾಡುತ್ತಿದ್ದಾರೆಂದು ಅಮೃತಾ ವರದಿ ಮಾಡಿದ್ದಾಳೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಹೊಳ್ಳೆ ಖಾಲಿ ಮಾಡಬೇಕು. ಅದು ಆಗದಿದ್ದಲ್ಲಿ, ಹೆಡ್‌ಮಾಸ್ತರರ ಮೂಗಿನಲ್ಲಿಯೂ ತಮ್ಮ ವಾಸ್ತವ್ಯವಿದ್ದರೆ, ಸಂಕೋಚಪಡದೆ ಶುಕ್ರವಾರ ಹಾಜರಿ ಕೊಡಬೇಕು. ಖೋ-ಖೋ ಪಂದ್ಯ ಶನಿವಾರವಿದೆ.

ತಮ್ಮನ್ನು ಸಾಕಿದ ತಪ್ಪಿಗೆ ತಮ್ಮ ವಿಶ್ವಾಸಿ,
ಹೊನ್ನೂರಪ್ಪ

ಅಡಕ:
1. ಆರು ಗುಳಿಗೆ ಉಳಿದಿರುವ ಶೀಟು ಒಂದು (ಇನ್ನು ಮುಂದಿನ ಜ್ವರಕ್ಕೆ ಇಡುವುದಿಲ್ಲ).
2. ಸಾಬೂನು ಒಂದು, ಶಾಲೆಗೆ.

ವಿ.ಸೂ.: ಈ ಅರ್ಜಿಯನ್ನು ಅಮೃತಾ ಮೂಗಿನ ಹತ್ತಿರ ಹಿಡಿದು ಓದಿದ್ದಾಳೆ. ತಲುಪಿದ್ದಕ್ಕೆ ತಮ್ಮ ಸಹಿ ಬೇಡ, ಒಂದು ಸೀನು ಸಾಕು. ಕರವಸ್ತ್ರ ಅಡ್ಡ ಹಿಡಿಯಲಾಗಿದೆ.